ಕಂಪ್ಯೂಟರಿನಲ್ಲಿ ಫೋಟೋಗಳು: ಹೆಸರಿಡುವುದು ಹೇಗೆ, ಜೋಡಿಸುವುದು ಹೇಗೆ?

ಧರ್ಮಪುರಿ: ಹಳೆಯ ಕಪ್ಪು-ಬಿಳುಪು ಫೋಟೋದ ಹಿಂಬದಿಯಲ್ಲಿ ಯಾರೋ ಹಿರಿಯರು ಹೆಸರು, ಊರು, ಇಸವಿ ಬರೆದಿಟ್ಟಿದ್ದರೆ ಮೊಮ್ಮಕ್ಕಳಿಗೂ ಗುರುತು ಸಿಗುತ್ತದೆ. ಡಿಜಿಟಲ್ ಫೋಟೋಗೆ ಹಿಂಬದಿಯೇ ಇಲ್ಲ. ಅಲ್ಲಿ ಆ ಕೆಲಸ ಮಾಡಬೇಕಾದ್ದು ಕಡತದ ಹೆಸರು.

ಕ್ಯಾಮೆರಾ ಇಡುವ ಹೆಸರು ಸಾಲದು

ಬಹಳಷ್ಟು ಕ್ಯಾಮೆರಾಗಳು 'ಐಎಂಜಿ' ಅಥವಾ 'ಡಿಎಸ್‌ಸಿ' ಅಕ್ಷರಗಳ ಜೊತೆ ನಾಲ್ಕಂಕಿಯ ಸಂಖ್ಯೆ ಸೇರಿಸುತ್ತವೆ. 9999 ಮುಗಿದ ಮೇಲೆ ಎಣಿಕೆ ಮತ್ತೆ 0001ರಿಂದ ಶುರು. ಹೀಗಾಗಿ ಮಗಳ ಮದುವೆಗೂ ಮೊಮ್ಮಗನ ನಾಮಕರಣಕ್ಕೂ ಒಂದೇ ಹೆಸರಿನ ಕಡತಗಳಿರಬಹುದು. ಎರಡನ್ನೂ ಒಂದೇ ಫೋಲ್ಡರಿಗೆ ಹಾಕುವಾಗ 'ಬದಲಾಯಿಸು' ಎಂದು ಒತ್ತಿದರೆ ಹಳೆಯದು ಅಳಿಸಿಹೋಗುತ್ತದೆ.

ಇಸವಿ ಮೊದಲು

ಹೆಸರನ್ನು ಇಸವಿ-ತಿಂಗಳು-ದಿನ ಎಂಬ ಕ್ರಮದಲ್ಲಿ ಆರಂಭಿಸಿ. 1988ರಲ್ಲಿ ಬಂದ ಐಎಸ್‌ಒ 8601 ಅಂತರರಾಷ್ಟ್ರೀಯ ಮಾನಕವೂ ಇದೇ ಕ್ರಮದ್ದು. ದಿನಾಂಕವನ್ನು ಮೊದಲು ಬರೆದರೆ ಬೇರೆ ಬೇರೆ ವರ್ಷದ 15ನೇ ತಾರೀಕುಗಳೆಲ್ಲ ಒಂದೆಡೆ ಗುಂಪಾಗುತ್ತವೆ. ಇಸವಿ ಮೊದಲಿದ್ದರೆ ಕಾಲಕ್ರಮ ತಾನಾಗಿ ಕೂಡಿಬರುತ್ತದೆ. ಆಮೇಲೆ ಊರು, ಸಂದರ್ಭ, ಕ್ರಮಸಂಖ್ಯೆ:

2024-01-16_ಪೆನ್ನಾಗರಂ_ವೀರಗಲ್ಲು_01

ಕ್ರಮಸಂಖ್ಯೆಯನ್ನು 01, 02 ಎಂದೇ ಬರೆಯಿರಿ. ಓರೆಗೆರೆ, ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳನ್ನು ವಿಂಡೋಸ್ ಹೆಸರಿನೊಳಗೆ ಒಪ್ಪುವುದಿಲ್ಲ.

ಜಿಲ್ಲೆಯಲ್ಲ, ಊರು ಬರೆಯಿರಿ

ಇದು ನಮ್ಮ ಗಡಿಭಾಗಕ್ಕೆ ವಿಶೇಷವಾಗಿ ಅನ್ವಯಿಸುವ ಮಾತು. ಧರ್ಮಪುರಿ ಜಿಲ್ಲೆ 1965ರಲ್ಲಿ ಸೇಲಂನಿಂದ ಬೇರೆಯಾಯಿತು. 2004ರಲ್ಲಿ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಹೊಸೂರು, ಡೆಂಕಣಿಕೋಟೆ ಅತ್ತ ಹೋದವು. 'ಧರ್ಮಪುರಿ ಜಿಲ್ಲೆ, 1998' ಎಂದಷ್ಟೇ ಬರೆದರೆ ಫೋಟೋ ಹೊಸೂರಿನದೋ ಪಾಲಕ್ಕೋಡಿನದೋ ಮುಂದೆ ತಿಳಿಯದು.

ಊರಿನ ಹೆಸರೂ ಭಾಷೆಗೆ ತಕ್ಕಂತೆ ಬದಲಾಗುತ್ತದೆ. ಕನ್ನಡದ ಹೊಗೇನಕಲ್ ತಮಿಳಿನಲ್ಲಿ ಒಕೇನಕ್ಕಲ್. ವೀರಗಲ್ಲು ತಮಿಳಿನಲ್ಲಿ ನಡುಗಲ್. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದರೆ ಹುಡುಕುವಾಗ ಅರ್ಧ ಮಾತ್ರ ಸಿಗುತ್ತದೆ. ಒಂದು ರೂಪ ಆರಿಸಿ ಅದನ್ನೇ ಬಳಸಿ. ಕನ್ನಡದಲ್ಲಿ ಬರೆಯುವುದಾದರೆ ಯುನಿಕೋಡ್ ಇರಲಿ. ಹಳೆಯ ಫಾಂಟ್‌ಗಳ ಅಕ್ಷರಗಳು ಕಡತದ ಹೆಸರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ.

ಒಳಗಿನ ಮಾಹಿತಿ ನಂಬಬಹುದೇ?

ತೆಗೆದ ದಿನ, ಸಮಯಗಳನ್ನು ಕ್ಯಾಮೆರಾ ಫೋಟೋದೊಳಗೇ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. ಆದರೆ ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಅದೂ ತಪ್ಪು. ಹಳೆಯ ಫೋಟೋ ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿನಲ್ಲಿ ಕಾಣುವುದು ಸ್ಕ್ಯಾನ್ ಮಾಡಿದ ದಿನ, ತೆಗೆದ ದಿನವಲ್ಲ. ಇಸವಿ ಖಚಿತವಿಲ್ಲದಿದ್ದರೆ '1970-ಸುಮಾರು' ಎಂದು ಬರೆಯಿರಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದ ಗಾತ್ರ ಕುಗ್ಗುತ್ತದೆ, ಒಳಗಿನ ಮಾಹಿತಿಯೂ ಹೋಗುತ್ತದೆ. ಮುಖ್ಯವಾದುದನ್ನು 'ಡಾಕ್ಯುಮೆಂಟ್' ಆಗಿ ಕಳಿಸುವುದು ಲೇಸು.

ಫೋಲ್ಡರು, ಪ್ರತಿಗಳು

ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಸಂದರ್ಭಕ್ಕೊಂದು ಸಾಕು. ಪಟ್ಟಾ, ಕ್ರಯಪತ್ರಗಳ ಚಿತ್ರಗಳಿಗೆ ಬೇರೆಯೇ ಫೋಲ್ಡರ್ ಇರಲಿ. ಸರ್ವೆ ನಂಬರ್ ಹೆಸರಿನಲ್ಲೇ ಇರಲಿ. ವಿಂಡೋಸ್‌ನಲ್ಲಿ ಹಲವು ಫೋಟೋ ಆರಿಸಿ ಎಫ್2 ಒತ್ತಿ ಒಂದು ಹೆಸರು ಕೊಟ್ಟರೆ ಎಲ್ಲಕ್ಕೂ ಅದೇ ಹೆಸರು ಸಂಖ್ಯೆಯೊಡನೆ ಬರುತ್ತದೆ.

ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಪ್ರತಿ ಮನೆಯ ಹೊರಗೆ: ಇದು ತಜ್ಞರು ಹೇಳುವ ಸೂತ್ರ. ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿಟ್ಟರೂ ಆಯಿತು.

ಗುಂಪುಚಿತ್ರದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದು ಅದೇ ಫೋಲ್ಡರಿನಲ್ಲಿಡಿ. ಮುಖ ನೋಡಿ ಹೆಸರು ಹೇಳಬಲ್ಲ ಅಜ್ಜ-ಅಜ್ಜಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಯಲಿ. ಕಳೆದ ಕಡತ ಬೇರೆಯವರ ಬಳಿ ಸಿಕ್ಕೀತು, ಅವರ ನೆನಪಿನಲ್ಲಿರುವುದು ಇನ್ನೆಲ್ಲೂ ಸಿಗದು.