ನೀರಿನಲ್ಲಿ ಮುಳುಗಿದ ಹಗುರ ಕೋಲು

ಕಳೆದ ದಸರಾ ರಜೆಯಲ್ಲಿ ಮಿಯಾಪುರದ ನಮ್ಮ ಫ್ಲ್ಯಾಟಿನ ಬಚ್ಚಲಮನೆಯಲ್ಲಿ ಒಂದು ಪ್ರಯೋಗ ನಡೆಯಿತು. ಬೇಕಾದ ಸಾಮಗ್ರಿ ಮೂರೇ. ಒಂದು ಬಕೆಟ್ ನೀರು, ಹಳೆಯ ಕ್ರಿಕೆಟ್ ಸ್ಟಂಪಿನ ಒಂದು ತುಂಡು, ಮತ್ತು ಮುರಿದುಹೋದ ಐಸ್ ಹಾಕಿ ಸ್ಟಿಕ್ಕಿನ ಗೇಣುದ್ದದ ಹಿಡಿಕೆ. ಯಾವುದು ತೇಲುತ್ತದೆ ಎಂದು ಮಗಳನ್ನು ಕೇಳಿದೆ. ಹನ್ನೆರಡು ವರ್ಷದ ಅವಳು ಯೋಚಿಸಲೂ ಇಲ್ಲ. "ಕಾರ್ಬನ್! ಅದೇ ತಾನೇ ಲೈಟು" ಅಂದಳು. ಎರಡನ್ನೂ ಬಿಟ್ಟೆವು. ಮರ ತೇಲಿತು. ಕಾರ್ಬನ್ ಒಂದೆರಡು ಗುಳ್ಳೆ ಬಿಟ್ಟು ನೇರ ತಳ ಸೇರಿತು.

ಹೈದರಾಬಾದಿನಲ್ಲಿ ಐಸ್ ಹಾಕಿ ಕೋಲು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಈ ಊರಿನಲ್ಲಿ ಹಿಮ ಬೀಳುವುದಿಲ್ಲ, ಆದರೆ ಗಾಲಿ ಚಕ್ರದ ಸ್ಕೇಟಿಂಗ್‌ಗೆ ಬಹಳ ಅಭಿಮಾನಿಗಳಿದ್ದಾರೆ. ಇಂದಿರಾ ಪಾರ್ಕಿನ ಸ್ಕೇಟಿಂಗ್ ಅಂಗಳದಂಥ ಜಾಗಗಳಲ್ಲಿ ಬೆಳಗಿನ ಜಾವವೇ ಮಕ್ಕಳ ದಂಡು ಸೇರುತ್ತದೆ. ಅದರಲ್ಲಿ ಒಂದು ಬಗೆ ಇನ್‌ಲೈನ್ ಹಾಕಿ. ಕಾಲಿಗೆ ಸಾಲು ಚಕ್ರ, ಕೈಗೆ ಐಸ್ ಹಾಕಿಯದೇ ಕೋಲು. ನನ್ನ ಮಗಳು ಎರಡು ವರ್ಷದಿಂದ ನಮ್ಮ ಮನೆ ಹತ್ತಿರದ ಒಂದು ಸಿಮೆಂಟಿನ ಅಂಗಳದಲ್ಲಿ ಅದನ್ನು ಆಡುತ್ತಿದ್ದಾಳೆ.

ಕಳೆದ ಬೇಸಿಗೆಯಲ್ಲಿ ಅವಳಿಗೊಂದು ಕಾರ್ಬನ್ ಕೋಲು ಕೊಡಿಸಿದೆ. ಬೆಲೆ ಹೇಳಿದರೆ ಊರಿನಲ್ಲಿ ಅಮ್ಮ ಬೈಯುತ್ತಾಳೆ, ಹಾಗಾಗಿ ಇಲ್ಲೂ ಹೇಳುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಅದು 390 ಗ್ರಾಂ ತೂಗಿತು. ನಾಲ್ಕು ತಿಂಗಳಿಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಸಾಧಾರಣ ಹೊಡೆತವೊಂದಕ್ಕೆ ಟಪ್ಪೆಂದು ಎರಡು ತುಂಡಾಯಿತು.

ಅದೇ ತಕ್ಕಡಿಯಲ್ಲಿ ನಾನು ಇನ್ನೊಂದು ಕೋಲನ್ನೂ ತೂಗಿದ್ದೆ. ಅದು ಸೋಮವಾರಪೇಟೆಯ ನನ್ನ ಸೋದರಮಾವನ ಹಳೆಯ ಹಾಕಿ ಕೋಲು. ಬೆತ್ತದ ಹಿಡಿ, ಹಿಪ್ಪುನೇರಳೆ ಮರದ ತಲೆ, 625 ಗ್ರಾಂ. ನಾನು ಎಂ.ಟೆಕ್ ಮುಗಿಸಿ ಹೈದರಾಬಾದಿಗೆ ಹೊರಟಾಗ ಮಾವ ಅದನ್ನು ಕೊಟ್ಟಿದ್ದ. ಹುಲ್ಲಿನ ಮೇಲಿನ ಹಾಕಿಯ ಕೋಲಿಗೂ ಮಂಜಿನ ಮೇಲಿನದಕ್ಕೂ ಆಕಾರದಲ್ಲಿ ಹೋಲಿಕೆ ಕಡಿಮೆ. ಆದರೆ ಎರಡೂ ಒಂದೇ ಮನೆಯ ಕವಲುಗಳು. ಒಂದನ್ನು ಬಿಟ್ಟು ಇನ್ನೊಂದರ ಕತೆ ಹೇಳಲಾಗುವುದಿಲ್ಲ.

ಒಳಾಂಗಣದಲ್ಲಿ ವ್ಯವಸ್ಥಿತವಾಗಿ ನಡೆದ ಮೊದಲ ಐಸ್ ಹಾಕಿ ಪಂದ್ಯ ಎಂದು ಹೆಸರಾಗಿರುವುದು 1875ರ ಮಾರ್ಚ್ 3ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಆಡಿದ್ದು. ಎರಡು ವರ್ಷದ ನಂತರ ಅದೇ ಊರಿನ ಪತ್ರಿಕೆಯಲ್ಲಿ ಅಚ್ಚಾದ ನಿಯಮಗಳು ಹೆಚ್ಚುಕಡಿಮೆ ಇಂಗ್ಲೆಂಡಿನ ಹುಲ್ಲಿನ ಹಾಕಿಯ ನಿಯಮಗಳೇ. ಕೋಲು ಮಾತ್ರ ಅಲ್ಲಿಯ ನೆಲದ್ದು. ನೋವಾ ಸ್ಕಾಟಿಯಾದ ಮಿಕ್‌ಮಾಕ್ ಮೂಲನಿವಾಸಿಗಳು ಬುಡದ ಬೇರಿನ ಸಹಜ ಬಾಗು ನೋಡಿ ಮರ ಆರಿಸಿ, ಒಂದೇ ತುಂಡಿನಲ್ಲಿ ಕೋಲು ಕೆತ್ತುತ್ತಿದ್ದರು. ಮುಂದೆ ಒಂದು ಕಂಪನಿ ಅವನ್ನು ಆ ಜನಾಂಗದ ಹೆಸರಿನಲ್ಲೇ ಮಾರಿತು. ಬಾಗು ಮರದಲ್ಲೇ ಇದ್ದುದರಿಂದ ನಾರು ಎಲ್ಲೂ ಕತ್ತರಿಸುತ್ತಿರಲಿಲ್ಲ, ಆದ್ದರಿಂದ ಕೋಲು ಗಟ್ಟಿ. ಜೊತೆಗೆ ಭಾರ.

ನಮ್ಮ ಕಡೆಯ ಕತೆ ಪಂಜಾಬಿನದು. ಕರ್ನಾಟಕದವರಿಗೆ ಹಿಪ್ಪುನೇರಳೆ ಎಂದರೆ ರೇಷ್ಮೆಹುಳುವಿನ ಸೊಪ್ಪು. ಎದೆಯೆತ್ತರ ಬೆಳೆದ ಕೂಡಲೇ ಕತ್ತರಿಸುವ ಗಿಡ. ಪಂಜಾಬಿನಲ್ಲಿ ಅದು ಮರವಾಗಿ ಬೆಳೆಯುತ್ತದೆ. ಆ ಮರದ ಗುಣವೆಂದರೆ, ಹಬೆಯಲ್ಲಿ ಬೇಯಿಸಿ ಬಾಗಿಸಿದರೆ ಸೀಳದೆ ಬಾಗುತ್ತದೆ. ಇಂಗ್ಲಿಷರ ಆ್ಯಶ್ ಮರ ಅಷ್ಟು ಬಿಗಿಯಾಗಿ ಬಾಗುತ್ತಿರಲಿಲ್ಲ, ಹಾಗಾಗಿ ಅವರ ಕೋಲಿನ ತಲೆ ಉದ್ದ. ಸಿಯಾಲ್‌ಕೋಟೆಯ ಕುಶಲಕರ್ಮಿಗಳು ಹಿಪ್ಪುನೇರಳೆಯಿಂದ ಗಿಡ್ಡ ತಲೆಯ ಕೋಲು ಮಾಡಿದರು. ತಲೆ ಗಿಡ್ಡವಾದರೆ ಮಣಿಕಟ್ಟಿನ ಒಂದೇ ತಿರುವಿಗೆ ಕೋಲು ಚೆಂಡಿನ ಆಚೆಯಿಂದ ಈಚೆಗೆ ಬರುತ್ತದೆ. ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಭಾರತೀಯ ಡ್ರಿಬ್ಲಿಂಗಿನ ಹಿಂದೆ ನಮ್ಮ ಕೈಚಳಕದ ಜೊತೆ ಈ ಮರದ ಕೆಲಸವೂ ಇತ್ತು. ಆಮೇಲೆ ಇಡೀ ಜಗತ್ತೇ ಆ ಗಿಡ್ಡ ತಲೆಯನ್ನು ಒಪ್ಪಿಕೊಂಡಿತು. 1947ರಲ್ಲಿ ದೇಶ ಒಡೆದಾಗ ಸಿಯಾಲ್‌ಕೋಟೆಯ ಅನೇಕ ಕುಶಲಕರ್ಮಿಗಳು ಜಲಂಧರಿಗೆ ಬಂದು ನೆಲೆಸಿದರು. ಮಾವನ ಕೋಲಿನ ಮೇಲೂ ಜಲಂಧರಿನ ಮುದ್ರೆಯಿದೆ.

ಅತ್ತ ಐಸ್ ಹಾಕಿಯಲ್ಲಿ ಒಂದೇ ತುಂಡಿನ ಕೋಲು ಹೋಗಿ ಹಿಡಿಕೆ ಬೇರೆ, ಅಲಗು ಬೇರೆ ಮಾಡಿ ಅಂಟಿಸುವ ಕಾಲ ಬಂತು. ತೆಳು ಪದರಗಳನ್ನು ಅಂಟಿಸಿ ಮೇಲೆ ಗಾಜಿನ ನಾರು ಸುತ್ತಿದರು. 1960ರ ದಶಕದ ಆರಂಭದಲ್ಲಿ ಚಿಕಾಗೋ ತಂಡದ ಸ್ಟ್ಯಾನ್ ಮಿಕಿಟಾ ಅಭ್ಯಾಸದಲ್ಲಿದ್ದಾಗ ಕೋಲಿನ ಅಲಗು ಬಿರುಕು ಬಿಟ್ಟು ಸೊಟ್ಟಗಾಯಿತಂತೆ. ಸಿಟ್ಟಿನಲ್ಲಿ ಅದರಲ್ಲೇ ಹೊಡೆದರೆ ಪಕ್ ವಿಚಿತ್ರವಾಗಿ ಹಾರಿತು. ಮಿಕಿಟಾ ಮತ್ತು ಜೊತೆಗಾರ ಬಾಬಿ ಹಲ್ ಬೇಕೆಂದೇ ಅಲಗು ಬಾಗಿಸತೊಡಗಿದರು. ಕೊನೆಗೆ ಗೋಲಿಗಳ ಜೀವದ ಭಯಕ್ಕೆ ಲೀಗ್ ಮಿತಿ ಹಾಕಬೇಕಾಯಿತು. ಈಗ ಆ ಬಾಗಿನ ಮಿತಿ ಮುಕ್ಕಾಲು ಅಂಗುಲ. ನಮ್ಮ ಹಾಕಿಯಲ್ಲೂ ಕೋಲಿನ ಉದ್ದಕ್ಕೆ ಇರುವ ಬಿಲ್ಲಿನಂಥ ಬಾಗು 25 ಮಿಲಿಮೀಟರ್ ಮೀರುವಂತಿಲ್ಲ, ತೂಕ 737 ಗ್ರಾಂ ದಾಟುವಂತಿಲ್ಲ.

1980ರ ದಶಕದಲ್ಲಿ ಐಸ್ ಹಾಕಿಗೆ ಅಲ್ಯುಮಿನಿಯಂ ಹಿಡಿಕೆ ಬಂತು, 2000ದ ಆಸುಪಾಸಿನಲ್ಲಿ ಪೂರ್ತಿ ಕಾರ್ಬನ್ನಿನ ಒಂದೇ ತುಂಡಿನ ಕೋಲು. ಮಿಕ್‌ಮಾಕ್ ಬಡಗಿ ಬಿಟ್ಟ ಜಾಗಕ್ಕೇ ಬೇರೆ ದಾರಿಯಿಂದ ಬಂದು ಸೇರಿದ ಹಾಗೆ.

ಈಗ ಬಕೆಟ್ಟಿಗೆ ಮರಳೋಣ. ಕಾರ್ಬನ್ ನಾರಿಗೆ ರಾಳ ಸೇರಿಸಿ ಗಟ್ಟಿ ಮಾಡಿದ ವಸ್ತುವಿನ ಸಾಂದ್ರತೆ ನೀರಿನ ಸುಮಾರು ಒಂದೂವರೆ ಪಟ್ಟು. ಆ್ಯಶ್ ಮರದ್ದು ನೀರಿಗಿಂತ ಕಡಿಮೆ, ಸುಮಾರು ಮುಕ್ಕಾಲು ಪಾಲು. ಅಂದರೆ ಗಾತ್ರಕ್ಕೆ ಗಾತ್ರ ನೋಡಿದರೆ ಕಾರ್ಬನ್ನೇ ಮರಕ್ಕಿಂತ ಭಾರ. ಹಾಗಾದರೆ ಕೋಲು ಹಗುರವಾದದ್ದು ಹೇಗೆ? ಅದು ಟೊಳ್ಳು. ಕಾರ್ಬನ್ ಎಷ್ಟು ಬಿರುಸೆಂದರೆ ಒಂದೆರಡು ಮಿಲಿಮೀಟರ್ ಗೋಡೆಯ ಕೊಳವೆಯೇ ಹೊಡೆತ ತಾಳುತ್ತದೆ, ಒಳಗೆ ತುಂಬಬೇಕಿಲ್ಲ. ಬಿದಿರಿನ ಬುದ್ಧಿ ಅದು. ಜೊತೆಗೆ ನಾರನ್ನು ಯಾವ ಕಡೆಗೆ ಎಷ್ಟು ಪದರ ಹಾಸಬೇಕೆಂದು ಲೆಕ್ಕ ಹಾಕಬಹುದು. ಮರದಲ್ಲಿ ಆ ಲೆಕ್ಕವನ್ನು ಮರವೇ ಹಾಕಿಬಿಟ್ಟಿರುತ್ತದೆ. ಐಸ್ ಹಾಕಿ ಕೋಲಿನ ಮೇಲೆ ಅಚ್ಚಾಗಿರುವ ಫ್ಲೆಕ್ಸ್ ಸಂಖ್ಯೆ ಇದರದ್ದೇ ಗುರುತು. ಕೋಲನ್ನು ಒಂದು ಅಂಗುಲ ಬಾಗಿಸಲು ಎಷ್ಟು ಪೌಂಡ್ ಬಲ ಬೇಕು ಎಂಬುದೇ ಆ ಸಂಖ್ಯೆ. ಆಡುವವರ ತೂಕದ ಅರ್ಧ ಪೌಂಡ್ ಇರಲಿ ಎನ್ನುವುದು ರೂಢಿ. ಜೋರು ಹೊಡೆತದಲ್ಲಿ ಕೋಲು ಪಕ್ಕಿಗಿಂತ ಮೊದಲು ನೆಲಕ್ಕೆ ತಾಗಿ ಬಿಲ್ಲಿನಂತೆ ಬಾಗುತ್ತದೆ, ಬಿಟ್ಟಾಗ ಆ ಶಕ್ತಿಯೆಲ್ಲ ಪಕ್ಕಿಗೆ ಹೋಗುತ್ತದೆ. ಕೋಲಿನ ಕೆಳತುದಿ ಹಗುರವಾದಷ್ಟೂ ಬೀಸುವುದು, ತಡೆಯುವುದು ಸುಲಭ.

ಟೊಳ್ಳಿನ ಬೆಲೆಯೂ ಅಲ್ಲೇ ಇದೆ. ಮರ ಮುರಿಯುವ ಮೊದಲು ಸಿಬಿರೆದ್ದು, ಕಿರುಗುಟ್ಟಿ ಸೂಚನೆ ಕೊಡುತ್ತದೆ. ಕಾರ್ಬನ್ ಕೊಳವೆಗೆ ಬಿದ್ದ ಒಳಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಒಂದು ದಿನ ಸುಮ್ಮನೆ ಮುರಿಯುತ್ತದೆ.

ಮಗಳ ಕೋಲು ಮುರಿದ ಸುದ್ದಿ ಕೇಳಿ ಮಾವ ಫೋನಿನಲ್ಲಿ ಖುಷಿಪಟ್ಟ ಹಾಗೇ ಇತ್ತು. "ನಾನು ಹೇಳಲಿಲ್ವಾ? ಈ ಪ್ಲಾಸ್ಟಿಕ್ ಕೋಲೇ ನಮ್ಮ ಆಟ ಹಾಳು ಮಾಡಿದ್ದು." ಇದು ಮಾವನೊಬ್ಬನ ಮಾತಲ್ಲ. ಕೊಡಗಿನ ಯಾವ ಕಾಫಿ ಕಣದಲ್ಲಿ ಕೂತರೂ ಹಳೆಯ ಆಟಗಾರರು ಹೀಗೇ ಹೇಳುತ್ತಾರೆ. ಆದರೆ ಮಾವನಿಗೆ ಇದರಲ್ಲಿ ಸ್ವಂತ ಗಾಯವಿದೆ. 1986ರಲ್ಲಿ ಅವನು ದೆಹಲಿಗೆ ಒಂದು ಆಯ್ಕೆ ಶಿಬಿರಕ್ಕೆ ಹೋಗಿದ್ದ. ಮೂರನೇ ದಿನ ವಾಪಸ್ಸು ಬಂದ. ಆಮೇಲೆ ಜಿಲ್ಲೆಯ ಆಚೆ ಆಡಲೇ ಇಲ್ಲ. "ಬೇರೆಯವರ ಕೋಲೇ ಬೇರೆ ಇತ್ತು" ಎಂದು ನಾನು ಚಿಕ್ಕವನಿದ್ದಾಗಿನಿಂದ ಹೇಳುತ್ತಾ ಬಂದಿದ್ದಾನೆ. ನಾನೂ ನಂಬಿದ್ದೆ.

ಪ್ರಾಜೆಕ್ಟ್ ಮ್ಯಾನೇಜರನ ಕೆಟ್ಟ ಚಾಳಿ, ಏನಾದರೂ ಕೆಟ್ಟರೆ ತಾರೀಕುಗಳನ್ನು ಸಾಲಾಗಿ ಬರೆದು ನೋಡುವುದು. ಹಾಗೆ ಬರೆದು ನೋಡಿದೆ. 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಸೋಮವಾರಪೇಟೆಯ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಮರುವರ್ಷ, 1976ರ ಒಲಿಂಪಿಕ್ಸ್‌ನಲ್ಲಿ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಆ ಒಂದು ವರ್ಷದಲ್ಲಿ ಕೋಲು ಬದಲಾಗಿರಲಿಲ್ಲ. ಅಲ್ಲಿ ಗೆದ್ದವರೂ ಸೋತವರೂ ಹಿಡಿದದ್ದು ಮರದ ಕೋಲನ್ನೇ. ಬಹುಪಾಲು ಕೋಲುಗಳ ತಲೆ ಹಿಪ್ಪುನೇರಳೆಯದೇ. ಬದಲಾದದ್ದು ನೆಲ. ಒಲಿಂಪಿಕ್ ಹಾಕಿ ಮೊದಲ ಬಾರಿ ಕೃತಕ ಹಾಸಿನ ಮೇಲೆ ನಡೆಯಿತು. ಊರು ಯಾವುದು ಗೊತ್ತೇ? ಅದೇ ಮಾಂಟ್ರಿಯಲ್.

ಕೋಲುಗಳು ನೆಲದ ಹಿಂದೆ ಬಂದವು. ಕೃತಕ ಹಾಸಿನಲ್ಲಿ ಚೆಂಡು ಪುಟಿಯದೆ ನೇರ ಬರುವುದರಿಂದ ಕೋಲನ್ನು ಮಲಗಿಸಿ ತಡೆಯುವ, ಮಗುಚಿ ಆಡುವ ರೀತಿ ಬೆಳೆಯಿತು. ಅದಕ್ಕಾಗಿ 1980ರ ದಶಕದಲ್ಲಿ ಡಚ್ ಆಟಗಾರ ತೂನ್ ಕೂಲೆನ್ ಕೊಕ್ಕೆಯಂತೆ ಮೇಲೆ ತಿರುಗಿದ ತಲೆಯ ಕೋಲು ಮಾಡಿಸಿದರು. ಅದೂ ಪದರ ಅಂಟಿಸಿದ ಮರದ್ದೇ. ಹುಲ್ಲಿನ ಹಾಕಿಗೆ ಕಾರ್ಬನ್ ಮತ್ತು ಗಾಜಿನ ನಾರಿನ ಕೋಲು ಬಂದದ್ದು 1990ರ ದಶಕದಲ್ಲಿ. ಮಾವ ದೆಹಲಿಯಿಂದ ಹಿಂತಿರುಗಿ ವರ್ಷಗಳೇ ಕಳೆದಿದ್ದವು.

ಆ ಹೊಸ ಕೋಲುಗಳು ಕೂಡ ಜಲಂಧರಿನಲ್ಲೇ ತಯಾರಾಗತೊಡಗಿದವು, ಸಾಧಾರಣ ಮನೆಯವರೂ ಕೊಳ್ಳುವ ಬೆಲೆಯಲ್ಲಿ ಸಿಗತೊಡಗಿದವು. ನೆಲ ಹಾಗಲ್ಲ. ಒಂದು ಕೃತಕ ಹಾಸಿಗೆ ಕೋಟಿಗಳ ಲೆಕ್ಕ, ಮೇಲೆ ನೀರು ಚಿಮುಕಿಸುವ ಖರ್ಚು, ಕೆಲವು ವರ್ಷಕ್ಕೆ ಸವೆದರೆ ಮತ್ತೆ ಕೋಟಿ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗಿನ ಮೊದಲ ಆವೃತ್ತಿ ಇಲ್ಲಿಯ ಗಚ್ಚಿಬೌಲಿಯಲ್ಲಿ ನಡೆದು ಹೈದರಾಬಾದ್ ಸುಲ್ತಾನ್ಸ್ ಗೆದ್ದಿತು. ಆಗ ನಾನು ಈ ಊರಿಗೆ ಹೊಸಬ. ಆಫೀಸು ಮುಗಿಸಿ ನೋಡಲು ಹೋಗುತ್ತಿದ್ದೆ. ದೀಪದ ಕೆಳಗೆ ಹೊಳೆಯುವ ಆ ಹಸಿರು ಹಾಸನ್ನು ನೋಡಿದಾಗ ಆಟಗಾರರಿಗಿಂತ ಹೆಚ್ಚಾಗಿ ಮಾವ ನೆನಪಾಗಿದ್ದ.

ಇನ್ನೊಂದು ದೃಶ್ಯವೂ ನನಗೆ ಗೊತ್ತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳನ್ನು ಕಂಡಿತು, ಗಿನ್ನೆಸ್ ದಾಖಲೆಯಾಯಿತು. ಒಂದೇ ಮನೆತನದ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಇರಬಹುದು. ಅಲ್ಲಿ ಈಗ ಎಲ್ಲರ ಕೈಯಲ್ಲೂ ನಾರಿನ ಕೋಲುಗಳೇ. ಆದರೆ ನೆಲ ಮಣ್ಣು. ಹೊಸ ಕೋಲು ಆ ಆಟವನ್ನೇನೂ ಕೊಲ್ಲಲಿಲ್ಲ. ಯಾರನ್ನೂ ಹೊರಗಿಡದ ನೆಲ ಇದ್ದ ಕಡೆ ಆಟ ಬೆಳೆಯಿತು.

ಲಡಾಖಿನದು ಇದರ ತಿರುಗುಮುರುಗು. ಅಲ್ಲಿ ನೆಲ ಪುಕ್ಕಟೆ, ಚಳಿಗಾಲದಲ್ಲಿ ಕೆರೆಯೇ ಮೈದಾನ. ಕೊರತೆ ಸಾಮಗ್ರಿಯದು. ಆರಂಭದ ದಿನಗಳಲ್ಲಿ ಸೇನೆಯ ಬೂಟಿಗೆ ಲೋಹದ ಪಟ್ಟಿ ಕಟ್ಟಿ ಆಡಿದವರಿದ್ದಾರೆ. 2016ರಲ್ಲಿ ಭಾರತದ ಮಹಿಳಾ ತಂಡ ಮೊದಲ ಅಂತಾರಾಷ್ಟ್ರೀಯ ಪಂದ್ಯಾವಳಿಗೆ ಹೋದದ್ದು ಜನರಿಂದ ಚಂದಾ ಎತ್ತಿ. 2025ರ ಏಷ್ಯಾ ಕಪ್‌ನಲ್ಲಿ ಆ ತಂಡ ಕಂಚು ಗೆದ್ದಿತು. ಕೋಲನ್ನು ದಾನವಾಗಿ ಕೊಡಬಹುದು, ಕೊಟ್ಟರು. ಮೈದಾನವನ್ನು ಹಾಗೆ ಪೊಟ್ಟಣ ಕಟ್ಟಿ ಕಳಿಸಲಾಗುವುದಿಲ್ಲ.

ಕಳೆದ ವಾರ ಮಾವನಿಗೆ ಫೋನ್ ಮಾಡಿ ತಾರೀಕುಗಳನ್ನು ಓದಿ ಹೇಳಿದೆ. ಹೇಳಬಾರದಿತ್ತೇನೋ ಎಂದು ಅರ್ಧದಲ್ಲೇ ಅನ್ನಿಸಿತು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಮೊದಲ ದಿನ ಶೂ ಜಾರಿತು ಕಣೋ" ಅಂದ. ನಲವತ್ತು ವರ್ಷದಲ್ಲಿ ನಾನು ಇದನ್ನು ಕೇಳಿರಲಿಲ್ಲ. "ಅಂಥ ನೆಲಾನ ನಾನು ಮುಟ್ಟಿಯೂ ನೋಡಿರಲಿಲ್ಲ. ಚೆಂಡು ಬರ್ತದೆ ಅಂತ ಕೋಲು ಇಡೋ ಅಷ್ಟರಲ್ಲಿ ದಾಟಿ ಹೋಗಿರ್ತಿತ್ತು. ಊರಿಗೆ ಬಂದು ಏನಂತ ಹೇಳಲಿ? ಕೋಲು ಅಂದೆ." ಮತ್ತೆ ಸ್ವಲ್ಪ ತಡೆದು ಕೇಳಿದ, "ಪಾಪು ಆಡೋ ನೆಲ ಎಂಥದ್ದು?"

ಸಿಮೆಂಟು ಅಂದೆ. ಅಲ್ಲಲ್ಲಿ ಎದ್ದಿದೆ ಅಂತಲೂ ಹೇಳಿದೆ.

"ಮತ್ತೆ ಮುರೀದೆ ಇರ್ತದಾ?"

ಅವನು ಹೇಳಿದ್ದು ಸರಿ. ಮಂಜಿಗೆಂದು ಮಾಡಿದ ತೆಳು ಕಾರ್ಬನ್ ಅಲಗು ಒರಟು ಸಿಮೆಂಟಿನಲ್ಲಿ ದಿನವೂ ಸವೆಯುತ್ತದೆ. ಈ ಬಾರಿ ಮರದ ಹಿಡಿಕೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಅಲಗಿರುವ, ಬೀದಿ ಆಟಕ್ಕೆಂದೇ ಮಾಡುವ ಕೋಲು ತಂದಿದ್ದೇನೆ. ಹಳೆಯದರ ಮೂರನೇ ಒಂದು ಭಾಗದಷ್ಟೂ ಬೆಲೆಯಿಲ್ಲ. ಭಾರ ಅಂತ ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅಪಾರ್ಟ್‌ಮೆಂಟಿನ ನಾಲ್ಕು ಅಪ್ಪಂದಿರು ಸೇರಿ ಆ ಅಂಗಳದ ಎದ್ದ ಸಿಮೆಂಟನ್ನು ಸರಿಮಾಡಿಸಲು ಹಣ ಒಟ್ಟು ಮಾಡುತ್ತಿದ್ದೇವೆ. ಕಾರ್ಬನ್ ಕೋಲಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಮೂಲೆಯಾದರೂ ಆಗಿರುತ್ತಿತ್ತು.