ಪ್ರಶ್ನೆ ಬರೆಯೋ ಕೈ ಯಾರದು?

ಹೊನ್ನಾಳಿ ಸೀಮೆಯ ಯಾವ ಹಳ್ಳಿಗೆ ಹೋದರೂ ಓಟಿನ ದಿನ ಶಾಲೆಯೇ ಮತಗಟ್ಟೆ, ಮೇಷ್ಟರೇ ಅಧಿಕಾರಿ. ಆ ಒಂದು ದಿನದ ಮಟ್ಟಿಗೆ ಕಾನೂನು ಅವರ ಕೈಗೆ ಕೊಡೋ ಅಧಿಕಾರ ಸಣ್ಣದಲ್ಲ. ಗಲಾಟೆ ಮಾಡಿದವನು ಊರಗೌಡನೇ ಆಗಿರಲಿ, ಹೊರಗೆ ಕಳಿಸಬಹುದು. 'ಇವನು ಅವನಲ್ಲ' ಅಂತ ಏಜೆಂಟು ತಕರಾರು ತೆಗೆದರೆ ಎರಡು ರೂಪಾಯಿ ಕಟ್ಟಿಸಿಕೊಂಡು, ವಿಚಾರಿಸಿ, ತೀರ್ಪು ಕೊಡುವವರು ಅವರೇ. ಆದರೆ ಪಟ್ಟಿಯಲ್ಲಿ ಯಾರ ಹೆಸರಿರಬೇಕು, ಚೀಟಿಯಲ್ಲಿ ಏನಿರಬೇಕು ಅನ್ನೋದು ಅವರ ಕೈಯಲ್ಲಿಲ್ಲ. ಅದು ಮೇಲೆಲ್ಲೋ, ಮೊದಲೇ ತೀರ್ಮಾನವಾಗಿರುತ್ತದೆ.

ಚುನಾವಣೆಯಲ್ಲಿ ಜನ ಒಬ್ಬ ಮನುಷ್ಯನನ್ನು ಆರಿಸುತ್ತಾರೆ. ಜನಮತಗಣನೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಹೇಳುತ್ತಾರೆ. ಹಾಗಾಗಿ ಅಲ್ಲಿ ಪಟ್ಟಿ ಮಾಡುವವನ, ಪ್ರಶ್ನೆ ಬರೆಯುವವನ, ದಿನ ಗೊತ್ತು ಮಾಡುವವನ ಅಧಿಕಾರ ಇನ್ನೂ ದೊಡ್ಡದು. ಇಡೀ ಭಾರತವನ್ನು ಹೀಗೆ ಕೇಳಿದ್ದು ಇವತ್ತಿನವರೆಗೂ ಇಲ್ಲ. ಸಂವಿಧಾನದ ಮೂಲ ಲಕ್ಷಣ ಬದಲಿಸಬೇಕಾದರೆ ಜನರನ್ನು ಕೇಳಬೇಕು ಅಂತ 1978ರಲ್ಲಿ ಜನತಾ ಸರ್ಕಾರ ಮಸೂದೆಯಲ್ಲಿ ಸೇರಿಸಿತ್ತು. ಲೋಕಸಭೆ ಒಪ್ಪಿತು, ರಾಜ್ಯಸಭೆ ಆ ಭಾಗವನ್ನು ಕಿತ್ತುಹಾಕಿತು. ಆದರೆ ತುಂಡು ತುಂಡು ಸೀಮೆಗಳಲ್ಲಿ ಕೇಳಿದ್ದುಂಟು. ಆ ಚರಿತ್ರೆಯನ್ನು ಗೆದ್ದವರ ಕಡೆಯಿಂದ ಬಿಟ್ಟು, ನಡೆಸಿದವರ ಕಡೆಯಿಂದ ನಾವು ಓದಬೇಕು.

1947ರ ಜುಲೈನಲ್ಲಿ ವಾಯವ್ಯ ಗಡಿನಾಡಿನಲ್ಲಿ ಮತ ಕೇಳುವ ಮೊದಲು ಗವರ್ನರ್ ಓಲಫ್ ಕ್ಯಾರೋನನ್ನೇ ಬದಲಿಸಬೇಕಾಯಿತು. ಅವನು ಒಂದು ಪಕ್ಷದ ಕಡೆ ವಾಲಿದ್ದಾನೆ ಅನ್ನೋದು ಕಾಂಗ್ರೆಸ್ಸಿನ ದೂರು. ಓಟು ನಡೆಸಲು ಸೈನ್ಯದ ಬ್ರಿಟಿಷ್ ಅಧಿಕಾರಿಗಳನ್ನು ತಂದರು. ಆದರೂ ಹಿಂದೂಸ್ಥಾನವೋ ಪಾಕಿಸ್ತಾನವೋ ಅನ್ನೋ ಎರಡೇ ಪ್ರಶ್ನೆ. ಪಠಾಣರಿಗೆ ತಮ್ಮದೇ ನಾಡು ಬೇಕು ಅಂದ ಖಾನ್ ಅಬ್ದುಲ್ ಗಫಾರ್ ಖಾನರ ಕಡೆಯವರಿಗೆ ಚೀಟಿಯಲ್ಲಿ ಜಾಗವೇ ಇರಲಿಲ್ಲ. ಅವರು ಓಟಿಗೇ ಹೋಗಲಿಲ್ಲ.

ಅದೇ ತಿಂಗಳು ಅಸ್ಸಾಮಿನ ಸಿಲ್ಹೆಟ್‌ನಲ್ಲಿ 2,39,619 ಮತ ಪೂರ್ವ ಬಂಗಾಳ ಸೇರಲಿ ಅಂತ, 1,84,041 ಮತ ಅಸ್ಸಾಮಿನಲ್ಲೇ ಉಳಿಯಲಿ ಅಂತ ಬಿದ್ದವು. ಚಹಾ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿಯುತ್ತಿದ್ದ ಕೂಲಿಗಳನ್ನು ಮಾತ್ರ ಈ ಪಟ್ಟಿಯಿಂದ ಹೊರಗಿಟ್ಟಿದ್ದರು. ಹೊರಗಿನವರು ಅನ್ನೋದು ನೆಪ. ಎಲೆ ಕೀಳಲು ಒಳಗಿನವರು, ಓಟಿಗೆ ಹೊರಗಿನವರು! ಅವರಲ್ಲಿ ಆದಿವಾಸಿಗಳೂ ಅಸ್ಪೃಶ್ಯರೂ ಬಹಳ ಮಂದಿ ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಪಕ್ಕದ ಗೋವಾದಲ್ಲಿ 1967ರ ಜನವರಿ 16ರಂದು ನಡೆದದ್ದು ಇವುಗಳಿಗಿಂತ ಚೊಕ್ಕ. ಪಾರ್ಲಿಮೆಂಟು ಅದಕ್ಕೇ ಒಂದು ಕಾಯಿದೆ ಮಾಡಿತು, ನಡೆಸುವ ಹೊಣೆಯನ್ನು ಚುನಾವಣಾ ಆಯೋಗ ಹೊತ್ತಿತು. ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುತ್ತಿದ್ದ ಬಾಂದೋಡ್ಕರರ ಮಂತ್ರಿಮಂಡಲ ಮೊದಲೇ ರಾಜೀನಾಮೆ ಕೊಟ್ಟು ಇಳಿಯಿತು. ಸ್ಪರ್ಧೆಗೆ ನಿಂತವನೇ ತಕ್ಕಡಿ ಹಿಡಿಯಬಾರದಲ್ಲ! ಸೇರಲಿ ಅಂದವರು 1,38,170, ಬೇಡ ಅಂದವರು 1,72,191. ಆದರೆ ಪೂರ್ಣ ರಾಜ್ಯ ಬೇಕು ಅನ್ನೋ ಮೂರನೆಯ ಉತ್ತರಕ್ಕೆ ಅಲ್ಲೂ ಗುರುತು ಇರಲಿಲ್ಲ. ಅದಕ್ಕೆ ಗೋವಾ 1987ರವರೆಗೆ ಕಾಯಬೇಕಾಯಿತು.

ಸಿಕ್ಕಿಮಿನದು ಬೇರೆ ಕತೆ. 1975ರ ಏಪ್ರಿಲ್ 9ಕ್ಕೆ ಭಾರತದ ಸೈನ್ಯ ಅರಮನೆ ಸುತ್ತಿತು, 10ಕ್ಕೆ ವಿಧಾನಸಭೆ ನಿರ್ಣಯ ಮಾಡಿತು, 14ಕ್ಕೆ ಓಟು. ದೊರೆ ಬೇಡ ಅನ್ನೋದನ್ನೂ ಭಾರತಕ್ಕೆ ಸೇರಬೇಕು ಅನ್ನೋದನ್ನೂ ಒಂದೇ ಪ್ರಶ್ನೆಯಲ್ಲಿ ಹೊಲಿದುಬಿಟ್ಟರು. ದೊರೆ ಬೇಡ, ನಾಡು ಇರಲಿ ಅನ್ನೋ ರೈತ ಏನು ಮಾಡಬೇಕು? ಪರ 59,637, ವಿರೋಧ 1,496. ನಾಲ್ಕು ದಿನದಲ್ಲಿ ಬೆಟ್ಟಗುಡ್ಡದ ಹಳ್ಳಿಗೆ ಪೆಟ್ಟಿಗೆ ಮುಟ್ಟಿಸಬಹುದು, ತಿಳುವಳಿಕೆ ಮುಟ್ಟಿಸಲಾಗದು.

ಇನ್ನು ನಡೆಯದೇ ಹೋದ ಒಂದು ಜನಮತಗಣನೆ ಇದೆ. ನಮಗೆ ಮುಖ್ಯವಾದದ್ದು ಅದೇ. 1932ರ ಸೆಪ್ಟೆಂಬರಿನಲ್ಲಿ ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ ಅಂಬೇಡ್ಕರ್ ಒಂದು ಮಾತು ಇಟ್ಟರು: ಮೀಸಲು ಸ್ಥಾನ ಮುಂದೆ ಇರಬೇಕೋ ಬೇಡವೋ ಅನ್ನೋದನ್ನ ಅಸ್ಪೃಶ್ಯರ ಮತದಿಂದಲೇ ತೀರ್ಮಾನಿಸಿ. ಎಷ್ಟು ವರ್ಷದ ಮೇಲೆ ಕೇಳೋದು? ಅಂಬೇಡ್ಕರ್ ಹತ್ತಕ್ಕಿಂತ ಕೆಳಗಿಳಿಯಲಿಲ್ಲ, ಗಾಂಧಿ ಐದಕ್ಕಿಂತ ಮೇಲೇರಲಿಲ್ಲ. 24ನೇ ತಾರೀಖು ಸಹಿ ಬಿದ್ದ ಪೂನಾ ಒಪ್ಪಂದದಲ್ಲಿ ಜನಮತಗಣನೆಯ ಸುಳಿವೇ ಇಲ್ಲ. 'ಪರಸ್ಪರ ಒಪ್ಪಿಗೆ' ಅಂತ ಬರೆದರು. ಕೇರಿಯವನನ್ನು ಕೇರಿಯ ಬಗ್ಗೆ ಕೇಳೋ ಒಂದು ಅವಕಾಶ ಹಾಗೆ ಮುಚ್ಚಿಹೋಯಿತು.

ಒಂದು ವೇಳೆ ನಡೆದಿದ್ದರೆ ನಡೆಸುತ್ತಿದ್ದವರು ಯಾರು? ಆಗ ಆಸ್ತಿ, ಕಂದಾಯ, ಓದು ಇದ್ದವರಿಗಷ್ಟೇ ಓಟು. ಹಳ್ಳಿಯ ಲೆಕ್ಕ ಶಾನುಭೋಗನ ಕೈಲಿ, ಹುಕುಂ ಪಟೇಲನ ಬಾಯಲ್ಲಿ. ಹೊನ್ನಾಳಿ ಮೈಸೂರು ಸಂಸ್ಥಾನದಲ್ಲಿತ್ತು, ಒಪ್ಪಂದ ಬ್ರಿಟಿಷ್ ಪ್ರಾಂತಗಳದ್ದು, ನಿಜ. ಆದರೆ ತಮಟೆ ಬಡಿದು ಸಾರುವವನು ತೋಟಿ, ಬರೆಯುವವನು ಮೇಲಿನವನು ಅನ್ನೋ ಕಟ್ಟಳೆ ಎರಡೂ ಕಡೆ ಒಂದೇ. ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆಯೋ ಕಾಯಿದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಅಂಬೇಡ್ಕರ್ ಕಾಲಾವಕಾಶಕ್ಕೆ ಯಾಕೆ ಹಟ ಹಿಡಿದರು ಅನ್ನೋದು ಇಲ್ಲಿ ತಿಳಿಯುತ್ತದೆ. ಹೆದರಿಕೆ ಬಿಡದೆ ಕೇಳಿದ ಪ್ರಶ್ನೆಗೆ ಗೌಡನ ಉತ್ತರವೇ ಬರುತ್ತದೆ.

ಕನ್ನಡ ನಾಡಿನಲ್ಲೂ ಗೆರೆ ಎಳೆದವರು ಜನರ ಓಟು ಕೇಳಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಬರಲಿ ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. 1997ರಲ್ಲಿ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ದಾವಣಗೆರೆಗೆ ಸೇರಿದವು. ಆಮೇಲೆ ನ್ಯಾಮತಿ ಬೇರೆ ತಾಲ್ಲೂಕಾಯಿತು. ಒಳ್ಳೆಯದೋ ಕೆಟ್ಟದ್ದೋ, ಚೀಟಿ ಹಾಕಿಸಿ ಕೇಳಿದವರಿಲ್ಲ.

ಹಾಗಾದರೆ ಸರಿಯಾಗಿ ಕೇಳೋದು ಸಾಧ್ಯವೇ ಇಲ್ಲವಾ? ಒಡಿಶಾದ ನಿಯಮಗಿರಿ ನೋಡಿ. ಬೆಟ್ಟದಲ್ಲಿ ವೇದಾಂತ ಕಂಪನಿಗಾಗಿ ಬಾಕ್ಸೈಟ್ ತೆಗೆಯಬಹುದಾ ಅಂತ ಗ್ರಾಮಸಭೆಯನ್ನೇ ಕೇಳಿ ಎಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ಹಳ್ಳಿಗೇ ಬಂದು ಕೂತು, ಜನ ಹೇಳಿದ್ದು ದಾಖಲಾಗೋದನ್ನ ನೋಡಿದರು. ಅಲ್ಲೂ ಸರ್ಕಾರ ಪಟ್ಟಿಯ ಆಟ ಬಿಡಲಿಲ್ಲ. ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹನ್ನೆರಡನ್ನೇ ಆರಿಸಿತು. ಆ ಹನ್ನೆರಡೂ ಬೇಡ ಅಂದವು. ಡೋಂಗ್ರಿಯಾ ಕೊಂದರ ಬೆಟ್ಟ ಉಳಿಯಿತು.

ಗ್ರಾಮಸಭೆ ನಮ್ಮ ಊರುಗಳಲ್ಲೂ ಇದೆ. ಡಂಗುರ ಕೇರಿಗೆ ಮುಟ್ಟಿತಾ, ಸಭೆ ಎಲ್ಲಿ ಸೇರಿತು, ನಡಾವಳಿ ಪುಸ್ತಕದಲ್ಲಿ ಏನು ಬರೆದರು, ಸಹಿ ಹಾಕಿದವರು ನಿಜಕ್ಕೂ ಬಂದಿದ್ದರಾ? ಇಷ್ಟನ್ನು ಕೇಳೋದಕ್ಕೆ ಪಾರ್ಲಿಮೆಂಟಿನ ಕಾಯಿದೆ ಬೇಕಿಲ್ಲ. ಓದಿದ ಹುಡುಗರು, ಮೇಷ್ಟರು ಮುಂದಿನ ಸಭೆಗೆ ಹೋಗಿ ಆ ಪುಸ್ತಕವನ್ನು ತೆಗೆಸಿ, ಎಲ್ಲರಿಗೂ ಕೇಳೋ ಹಾಗೆ ಗಟ್ಟಿಯಾಗಿ ಓದಿಸಬೇಕು.