ಹಳದಿ ಅಂಗಿಯ ಮೇಲಿನ ರಕಾರ

2006ರ ಅಕ್ಟೋಬರ್ ಕೊನೆಯ ವಾರ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರ್ಚಿಯ ಬೆನ್ನಿಗೆ, ಕಿಟಕಿಯ ಸರಳಿಗೆ, ಬಾಲ್ಕನಿಯ ಹಗ್ಗಕ್ಕೆ, ಎಲ್ಲೆಲ್ಲೂ ಮಕ್ಕಳ ಹಳದಿ ಟೀ ಶರ್ಟುಗಳು. ಒಟ್ಟು 22. ಉಲ್ಲಾಸನಗರದ ಪೇಟೆಯಿಂದ ತಂದು, ಗಂಜಿ ಹೋಗಲೆಂದು ಒಂದು ಸಲ ಒಗೆದು ಹರವಿದ್ದೆ. ಹೊಸ ಬಟ್ಟೆಯ ಗಂಜಿ ಹೋಗದಿದ್ದರೆ ಬಣ್ಣ ನೂಲಿಗೆ ಇಳಿಯುವುದಿಲ್ಲ, ನಾಲ್ಕು ಸಲ ಒಗೆದರೆ ಸಿಪ್ಪೆಯಂತೆ ಏಳುತ್ತದೆ.

ಊರಲ್ಲಿರುವ ನಿಮಗೆ ನವೆಂಬರ್ ಒಂದು ರಜೆಯ ದಿನ. ನಮಗಲ್ಲ. ಇಲ್ಲಿ ರಜೆ ಇರುವುದು ಮೇ ಒಂದಕ್ಕೆ, ಮಹಾರಾಷ್ಟ್ರ ದಿನಕ್ಕೆ. ಹೀಗಾಗಿ ನಮ್ಮ ರಾಜ್ಯೋತ್ಸವ ಯಾವಾಗಲೂ ಮುಂದಿನ ಭಾನುವಾರಕ್ಕೆ ಜರುಗುತ್ತದೆ. ಆ ವರ್ಷ ಏಕೀಕರಣಕ್ಕೆ ಐವತ್ತು ತುಂಬಿ, ಊರಲ್ಲಿ ಸುವರ್ಣ ಕರ್ನಾಟಕದ ಸಂಭ್ರಮ. ನಮ್ಮ ಕಡೆಯ ಸಂಘದವರೂ ಮಕ್ಕಳಿಂದ ಒಂದು ಹಾಡು ಇಟ್ಟುಕೊಂಡಿದ್ದರು. ಎಲ್ಲರಿಗೂ ಒಂದೇ ಥರದ ಅಂಗಿ ಬೇಕಿತ್ತು. ಸ್ಕ್ರೀನ್ ಪ್ರಿಂಟಿಂಗ್‌ನವನು ನೂರಕ್ಕೆ ಕಡಿಮೆ ಮಾಡುವುದಿಲ್ಲ ಅಂದ. "ಮನೆಯಲ್ಲೇ ಮಾಡೋಣ ಬಿಡಿ" ಅಂತ ನಾನು ಧೈರ್ಯದಿಂದ ಹೇಳಿಬಿಟ್ಟೆ.

ಏನು ಬರೆಯಬೇಕು ಎನ್ನುವುದರಲ್ಲೇ ಎರಡು ದಿನ ಹೋಯಿತು. 'ಕರ್ನಾಟಕ' ಅಂತ ಸಾಕು ಅಂದೆ. ಅಪ್ಪ ಒಪ್ಪಲಿಲ್ಲ. "ಅಲ್ಲಿದ್ದವರು ಅದನ್ನ ಬರೀತಾರ. ನಾವೆಲ್ಲಿದ್ದೀವಿ ಅನ್ನೂದೂ ಬರಬೇಕಲ್ಲ" ಅಂದರು. ಕಡೆಗೆ ನಿಂತದ್ದು 'ಮುಂಬಯಿ ಕನ್ನಡಿಗರು'. ಹಳದಿಯ ಮೇಲೆ ಕೆಂಪು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಕೊಟ್ಟ ಬಾವುಟದ ಬಣ್ಣಗಳು.

ಅಚ್ಚಿಗೆ ಗಟ್ಟಿ ಹಾಳೆ ಬೇಕು. ರಟ್ಟು ನಾಲ್ಕನೇ ಅಂಗಿಗೆ ನೆನೆದು ಮೆತ್ತಗಾಗುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮು ಇದಕ್ಕೆ ಹೇಳಿ ಮಾಡಿಸಿದ್ದು. ಕಪಾಟಿನಲ್ಲಿ ಅಪ್ಪನ ಎದೆಯ ಎಕ್ಸ್‌ರೇ ಇತ್ತು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ತಿಕ್ಕಿದೆ, ಕಪ್ಪೆಲ್ಲ ಹೋಗಿ ಗಾಜಿನಂತಾಯಿತು. ಕೆಳಗೆ ಅಕ್ಷರ ಬರೆದ ಹಾಳೆ ಇಟ್ಟು, ಬ್ಲೇಡಿನಿಂದ ಗೆರೆಗುಂಟ ಕತ್ತರಿಸಿದೆ. ಅಂಗಿಯೊಳಗೆ ರಟ್ಟು ತೂರಿಸಿ (ಇಲ್ಲದಿದ್ದರೆ ಬಣ್ಣ ಬೆನ್ನಿಗೂ ಇಳಿಯುತ್ತದೆ), ಮೇಲೆ ಅಚ್ಚು ಇಟ್ಟು, ಸ್ಪಂಜಿನಿಂದ ತಟ್ಟಿ ಎತ್ತಿ ನೋಡಿದರೆ ರಕಾರ ಲಾಡುವಿನಂತೆ ತುಂಬಿಕೊಂಡಿತ್ತು. ಅನುಸ್ವಾರ ಕುಂಕುಮದ ಬೊಟ್ಟಾಗಿತ್ತು.

ತಪ್ಪು ನನ್ನದೇ. ರಕಾರದ ಸುತ್ತ ಕತ್ತರಿಸಿದಾಗ ನಡುವಿನ ಗುಂಡು ತುಣುಕಿಗೆ ಯಾವ ಆಸರೆಯೂ ಉಳಿದಿರಲಿಲ್ಲ. ಅದು ಉದುರಿ ನೆಲದ ಮೇಲೆ ಬಿದ್ದದ್ದನ್ನು ನಾನು ಗಮನಿಸಿರಲೇ ಇಲ್ಲ. ಅಪ್ಪ ಕನ್ನಡಕ ಏರಿಸಿ ನೋಡಿದರು. "ನೋಡವಾ, ನಮ್ಮ ಆಫೀಸಿನ್ಯಾಗ ಹೊಸಾ ಹುಡುಗರು ಮೊದಲನೇ ದಿನ ಮಾಡ್ತಿದ್ದ ತಪ್ಪು ಇದs" ಅಂದರು.

ಅಪ್ಪನ ಆಫೀಸಿನ ಕಥೆ ಹೇಳದೆ ಈ ಮಾತು ತಿಳಿಯುವುದಿಲ್ಲ. ಧಾರವಾಡದ ಹತ್ತಿರದ ಹಳ್ಳಿಯಿಂದ ಅವರು ಮುಂಬಯಿಗೆ ಬಂದದ್ದು 1952ರಲ್ಲಿ. ಮೀಟರ್‌ಗೇಜ್ ಗಾಡಿಯಲ್ಲಿ ಪುಣೆಗೆ, ಅಲ್ಲಿ ಗಾಡಿ ಬದಲಿಸಿ ಮುಂಬಯಿಗೆ. ಪರದೇಶಕ್ಕೆ ಹೊರಟೆ ಅಂತ ಅವರಿಗೆ ಅನ್ನಿಸಿರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲವೂ ಆಗ ಮುಂಬಯಿ ರಾಜ್ಯದ ಜಿಲ್ಲೆಗಳು. ಬೆಂಗಳೂರು ಬೇರೆ ರಾಜ್ಯ, ಮುಂಬಯಿ ಸ್ವಂತ ರಾಜಧಾನಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಮರುವರ್ಷ ಧಾರವಾಡಕ್ಕೆ ಹೋದದ್ದು. ಹಳ್ಳಿಯ ಹುಡುಗ ಜಿಲ್ಲೆಯಿಂದ ರಾಜಧಾನಿಗೆ ಕೆಲಸಕ್ಕೆ ಬಂದಿದ್ದ, ಅಷ್ಟೆ.

1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ದಶಕಗಳ ಕನಸು ಕೈಗೂಡಿದ ದಿನ ಅದು. ಅಪ್ಪನೂ ಗೆಳೆಯರಿಗೆ ಪೇಢೆ ಹಂಚಿದರಂತೆ. ಹಂಚಿ ಮುಗಿಸಿ ಖೋಲಿಗೆ ಬಂದು ಮಲಗಿದಾಗ ಹೊಳೆಯಿತಂತೆ: ನಿನ್ನೆಯವರೆಗೆ ತಾನು ಇದೇ ರಾಜ್ಯದವನು, ಇವತ್ತು ಹೊರಗಿನವನು. ಒಂದು ಹೆಜ್ಜೆ ಎತ್ತಿಡದೆ ಹೊರನಾಡಿಗನಾಗಿದ್ದರು. 1960ರ ಮೇ 1ರಂದು ಮುಂಬಯಿ ರಾಜ್ಯವೇ ಒಡೆದು ಮಹಾರಾಷ್ಟ್ರ, ಗುಜರಾತ್ ಆದವು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಅಪ್ಪ ಮಾತ್ರ ಅದೇ ಕುರ್ಚಿಯಲ್ಲಿ ಕೂತು ಅದೇ ಟೈಪ್‌ರೈಟರ್ ಕುಟ್ಟುತ್ತಿದ್ದರು.

ಬಲ್ಲಾರ್ಡ್ ಪಿಯರ್‌ನ ಒಂದು ಹಡಗು ಕಂಪನಿಯಲ್ಲಿ ಅವರು ಟೈಪಿಸ್ಟ್. 'ಸ್ಟೆನ್ಸಿಲ್ ಕತ್ತರಿಸುವುದು' ಎನ್ನುವುದು ಆಗಿನ ಆಫೀಸುಗಳ ದಿನನಿತ್ಯದ ಮಾತು. ಜೆರಾಕ್ಸ್ ಬರುವ ಮುಂಚೆ ಒಂದು ಕಾಗದಕ್ಕೆ ನೂರು ಪ್ರತಿ ಬೇಕೆಂದರೆ ಸೈಕ್ಲೋಸ್ಟೈಲೇ ಗತಿ. ಎಡಿಸನ್‌ನ ಪೇಟೆಂಟುಗಳನ್ನು ಹಿಡಿದು ಷಿಕಾಗೋದ ಎ. ಬಿ. ಡಿಕ್, ಲಂಡನ್ನಿನಲ್ಲಿ ಗೆಸ್ಟೆಟ್ನರ್, ಇಬ್ಬರೂ 1880ರ ದಶಕದಲ್ಲಿ ಪೇಟೆಗೆ ತಂದ ವಿದ್ಯೆ ಇದು. ಮೇಣ ಬಳಿದ ತೆಳು ಹಾಳೆಯನ್ನು ಯಂತ್ರಕ್ಕೆ ಹಾಕಿ, ರಿಬ್ಬನ್ ತಪ್ಪಿಸಿ ಟೈಪ್ ಮಾಡಬೇಕು. ಅಚ್ಚುಮೊಳೆ ನೇರವಾಗಿ ಬಡಿದು ಮೇಣವನ್ನು ಸರಿಸುತ್ತದೆ. ಸರಿದ ಜಾಗದಿಂದ ಶಾಯಿ ಇಳಿದು ಕೆಳಗಿನ ಕಾಗದಕ್ಕೆ ಅಕ್ಷರ ಬೀಳುತ್ತದೆ. ಜೋರಾಗಿ ಹೊಡೆದರೆ ಇಂಗ್ಲಿಷಿನ 'ಓ' ಅಕ್ಷರದ ನಡುಭಾಗ ಕಿತ್ತು ಬರುತ್ತದೆ. ಪ್ರತಿ ಪುಟದಲ್ಲೂ ಕಪ್ಪು ಚುಕ್ಕೆಗಳ ಸಾಲು. "ಓಕ್ಕ ಮೆತ್ತಗ ಹೊಡೀಬೇಕು" ಎನ್ನುವುದು ಅಪ್ಪ ಹೊಸಬರಿಗೆ ಹೇಳುತ್ತಿದ್ದ ಮೊದಲ ಪಾಠ.

ಆಫೀಸಿನಲ್ಲಿದ್ದದ್ದು ಇಂಗ್ಲಿಷ್ ಯಂತ್ರ. ಕನ್ನಡ ಸಂಘದ ಆಮಂತ್ರಣಕ್ಕೆ ಅಪ್ಪ ಅದೇ ಮೇಣದ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಿಂದ ಕೈಯಾರೆ ಬರೆಯುತ್ತಿದ್ದರು. ಮುಂಬಯಿಯಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಅವುಗಳ ಹೆಸರು ನಿಮಗೆ ಗೊತ್ತಿರುತ್ತದೆ. ಆದರೆ ಉಪನಗರಗಳ ಹತ್ತಾರು ಸಣ್ಣ ಸಂಘಗಳು ಬದುಕಿದ್ದು ಇಂಥ ಶಾಯಿ ಕದಡಿದ ಹಾಳೆಗಳ ಮೇಲೆ. ಅವು ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ಓದಿದವರು ಮಡಚಿ ಜೇಬಿಗೆ ಹಾಕಿಕೊಂಡರು, ಮುಗಿಯಿತು.

ನಡುವಿನ ತುಣುಕನ್ನು ಉಳಿಸಿಕೊಳ್ಳುವುದು ಹೇಗೆ ಎನ್ನುವುದು ಅಚ್ಚು ಕೊರೆಯುವವರೆಲ್ಲರ ಹಳೆಯ ಚಿಂತೆ. ಜಪಾನಿನವರು ಬಟ್ಟೆಗೆ ಬಣ್ಣ ಹಾಕುವ ಕಾಗದದ ಅಚ್ಚುಗಳಲ್ಲಿ ತೇಲುವ ತುಣುಕುಗಳನ್ನು ರೇಷ್ಮೆ ಎಳೆಗಳಿಂದ ಹಿಡಿದು ನಿಲ್ಲಿಸುತ್ತಿದ್ದರು. 1907ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಪೇಟೆಂಟು ಪಡೆದ ಸ್ಕ್ರೀನ್ ಮುದ್ರಣದಲ್ಲಿ ರೇಷ್ಮೆ ಜಾಲರಿಯೇ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಮಥುರೆಯ ಸಾಂಝಿಯಲ್ಲಿ ಕಾಗದ ಕತ್ತರಿಸುವಾಗಲೇ ಅಲ್ಲಲ್ಲಿ ಸಣ್ಣ ಕೊಂಡಿ ಉಳಿಸಿ, ಅದರ ಮೂಲಕ ಬಣ್ಣದ ಪುಡಿ ಉದುರಿಸಿ ಕೃಷ್ಣನ ಲೀಲೆಗಳನ್ನು ಬಿಡಿಸುತ್ತಾರೆ. ದೀಪಾವಳಿಗೆ ದಾದರಿನ ಬೀದಿಯಲ್ಲಿ ಮಾರುವ ರಂಗೋಲಿ ಜಾಲರಿಯದು ಇನ್ನೂ ಸುಲಭದ ದಾರಿ, ಗೆರೆಯ ಬದಲು ಬರೀ ತೂತುಗಳ ಸಾಲು.

ನಮ್ಮ ಮನೆಯಲ್ಲಿ ಮಾಡಿದ್ದು ಕೊಂಡಿಯ ಉಪಾಯ. ಅಪ್ಪ ಇನ್ನೊಂದು ಫಿಲ್ಮಿನ ಮೇಲೆ ಗುರುತು ಹಾಕಿಕೊಟ್ಟರು. ರಕಾರದ ಹೊಟ್ಟೆಗೆ ಮೇಲೊಂದು ಕೆಳಗೊಂದು ಸಣ್ಣ ಪಟ್ಟಿ ಬಿಟ್ಟು ಕತ್ತರಿಸಿದೆ. ಅನುಸ್ವಾರಕ್ಕೂ ಹಾಗೇ. ರೋಮನ್ ಲಿಪಿಯವರಿಗೆ ಈ ಕಷ್ಟ ಕೆಲವೇ ಅಕ್ಷರಗಳದ್ದು. ನಮ್ಮದು ಗುಂಡುಗುಂಡಾದ ಲಿಪಿ, ಒಂದೊಂದು ಸುತ್ತು ಮುಚ್ಚಿಕೊಂಡಲ್ಲೆಲ್ಲ ಒಂದು ಕೊಂಡಿ ಬೇಕು. ಕತ್ತರಿಸುವಾಗ ರಕಾರದ ಕೆಳಗಿನ ಕೊಂಡಿ ಹರಿಯಿತು. ಎಂಟು ವರ್ಷದ ಮಗ ಅದಕ್ಕೆ ಸೆಲ್ಲೋಟೇಪು ಅಂಟಿಸಿಕೊಟ್ಟ. "ಇದೇನಜ್ಜಾ?" ಅಂತ ಕೇಳಿದ. "ಇದು 'ರ' ಅಪ್ಪೀ" ಅಂದರು. ಅವನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಆಮೇಲೆ ಕಲಿಸಿದರಾಯಿತು ಅಂತ ನಾನು ವರ್ಷ ವರ್ಷ ಮುಂದೂಡಿದ್ದೆ.

ಬಣ್ಣ ಕಡಿಮೆ ತೆಗೆದುಕೊಂಡು, ಸ್ಪಂಜನ್ನು ನೆಟ್ಟಗೆ ತಟ್ಟಬೇಕು. ಉಜ್ಜಿದರೆ ಅಂಚಿನೊಳಗೆ ನುಸುಳುತ್ತದೆ. ಒಂದು ದಿನ ಒಣಗಿಸಿ, ಅಂಗಿ ತಿರುವಿ ಇಸ್ತ್ರಿ ಮಾಡಿದರೆ ಬಣ್ಣ ನಿಲ್ಲುತ್ತದೆ. ಮೂರು ರಾತ್ರಿಯಲ್ಲಿ 22 ಅಂಗಿಗಳೂ ಮುಗಿದವು. ಲಾಡು ರಕಾರದ ಅಂಗಿಯನ್ನು ಮಗ ತನಗೇ ಇಟ್ಟುಕೊಳ್ಳುತ್ತೇನೆ ಅಂದ. ನಾನು ಬಿಡಲಿಲ್ಲ, ಅವನಿಗೊಂದು ಹೊಸದು ತಂದು ಅಚ್ಚು ಹಾಕಿದೆ.

ನವೆಂಬರ್ 5, ಭಾನುವಾರ. ಲೋಕಲ್ಲಿನಲ್ಲಿ ಎದುರು ಕೂತ ಹೆಂಗಸೊಬ್ಬರು ಮಗನ ಅಂಗಿ ನೋಡಿ ಮರಾಠಿಯಲ್ಲಿ ಕೇಳಿದರು, ಏನೋ ಬರೆದಿದೆಯಲ್ಲ ಮರಿ, ಏನದು? ಅವನು ತಲೆ ಬಗ್ಗಿಸಿ ಅಂಗಿ ಜಗ್ಗಿ ನೋಡಿಕೊಂಡ. ಬೆರಳಿಟ್ಟು ಹುಡುಕಿ, ಮರಾಠಿಯಲ್ಲೇ ಹೇಳಿದ: "ಇದು 'ರ'. ಉಳಿದದ್ದು ಅಮ್ಮನಿಗೆ ಗೊತ್ತು."

ಆಕೆ ನಕ್ಕರು. ತಮ್ಮ ಅಜ್ಜಿ ಅಕ್ಕಲಕೋಟೆ ಕಡೆಯವರು, ಮನೆಯಲ್ಲಿ ಕನ್ನಡ ಆಡುತ್ತಿದ್ದರು, ತಾಯಿಗೆ ಸ್ವಲ್ಪ ತಿಳಿಯುತ್ತಿತ್ತು, ತಮಗೆ ಏನೂ ಬರುವುದಿಲ್ಲ ಎಂದರು. ಬೇಸರದಿಂದ ಹೇಳಿದ್ದಲ್ಲ, ಹಾಗೇ ಹೇಳಿದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಅಕ್ಕಲಕೋಟೆ 1956ರಲ್ಲಿ ಗೆರೆಯ ಆ ಬದಿಗೇ ಉಳಿದ ಊರು. ನಾವು ಈಚೆ ಬಂದು ಉಳಿದವರು. ಅಜ್ಜಿಗೆ ಬರುತ್ತಿತ್ತು, ತಾಯಿಗೆ ಸ್ವಲ್ಪ, ಮಗಳಿಗೆ ಇಲ್ಲ. ಆ ಲೆಕ್ಕ ನಮ್ಮ ಮನೆಗೂ ಸರಿಹೊಂದುತ್ತಿತ್ತು. 22 ಮಕ್ಕಳ ಎದೆಯ ಮೇಲೆ ಕನ್ನಡ ಹಚ್ಚಿದ್ದೆ. ಅವರಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಅಂತ ಆ ದಿನ ಎಣಿಸಿ ನೋಡಿದೆ. ಒಂದು ಕೈಯ ಬೆರಳು ಸಾಕಾದವು.

ಮುಂದಿನ ಭಾನುವಾರದಿಂದ ಅಪ್ಪ ಅಡಿಗೆಮನೆಯ ನೆಲದಲ್ಲೇ ಶಾಲೆ ಶುರು ಮಾಡಿದರು. ವಾರಕ್ಕೊಂದು ಅಕ್ಷರ. ಬರೆಯಿಸಲಿಲ್ಲ, ರಟ್ಟಿನಲ್ಲಿ ಕತ್ತರಿಸಲು ಕೊಟ್ಟರು. ಕೊಂಡಿ ಎಲ್ಲಿ ಬಿಡಬೇಕು ಎಂದು ಯೋಚಿಸುವಷ್ಟರಲ್ಲಿ ಹುಡುಗನಿಗೆ ಅಕ್ಷರ ಕೈಗೆ ಹತ್ತುತ್ತಿತ್ತು. ಅಕ್ಕಪಕ್ಕದ ಮೂರು ಮಕ್ಕಳೂ ಬಂದರು. ಐದು ವರ್ಷದ ಮಗಳು ಮಾತ್ರ ಕೂರಲಿಲ್ಲ. ಅವಳಿಗೆ ಇವತ್ತಿಗೂ ಓದಲು ಬರುವುದಿಲ್ಲ. ಒತ್ತಕ್ಷರದವರೆಗೆ ಬಂದಾಗ ಅಪ್ಪನ ಕಣ್ಣು ಮಂದವಾಯಿತು, ಪಾಠ ಅಲ್ಲಿಗೆ ನಿಂತಿತು. 2011ರಲ್ಲಿ ಅವರು ತೀರಿಕೊಂಡರು.

ಅಂಗಿಗಳೆಲ್ಲ ಚಿಕ್ಕವಾಗಿ ನೆಲ ಒರೆಸುವ ಬಟ್ಟೆಗಳಾದವು. ಎಕ್ಸ್‌ರೇ ಅಚ್ಚು ಇದೆ, ಅಂಚಿನಲ್ಲಿ ಕೆಂಪು ಬಣ್ಣ ಗಟ್ಟಿಯಾಗಿ ಕೂತಿದೆ. ಮಗ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಈಚೆಗೆ ಅವನೊಂದಿಗೆ ಅಪ್ಪನ ಹಳ್ಳಿಗೆ ಹೋಗಿದ್ದೆ. ಹುಬ್ಬಳ್ಳಿಯ ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ನೋಡುತ್ತ ಸ್ವಲ್ಪ ಹೊತ್ತು ನಿಂತ. ಕೇಳಲು ಬಾಯಿ ತೆರೆದವಳು ಸುಮ್ಮನಾದೆ. ನಡುವಿನ ರಕಾರದಿಂದ ಶುರು ಮಾಡಿ, ಹಿಂದೆ ಮುಂದೆ ಕೂಡಿಸಿ, "ಧಾರವಾಡ. ಇದೇ ಬಸ್ಸಮ್ಮಾ, ಹತ್ತು" ಅಂದ.